ಹಾಜರಿ ಪುಸ್ತಕದಿಂದ ಶುರು ಮಾಡೋಣ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ 2005ರ ಎಸ್ಸೆಸ್ಸೆಲ್ಸಿ ಬ್ಯಾಚಿನ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು, ಇವರು ಮಾಡಿದ ಭಾಷಣ)



ನನಗೆ ಭಾಷಣ ರೂಢಿಯಿಲ್ಲ. ಇದೇ ಅಂಗಳದಲ್ಲಿ ಒಂದು ಆಗಸ್ಟ್ 15ರಂದು ಭಾಷಣಕ್ಕೆ ನಿಂತು, ಎರಡನೇ ಸಾಲು ಮರೆತು ಕೆಳಗಿಳಿದವನು ನಾನು. ಅದಕ್ಕೆ ಈ ಸಲ ಬರೆದುಕೊಂಡೇ ಬಂದಿದ್ದೇನೆ.

ಹಳೆಯ ಗೆಳೆಯರನ್ನು ಕೂಡಿಸುವುದು ಹೇಗೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳು ಎಂದು ಮಹೋತ್ಸವ ಸಮಿತಿಯ ಹಿರಿಯರು ಹೇಳಿದರು. ನಮ್ಮ ಬ್ಯಾಚು ಎರಡು ಸಲ ಕೂಡಿದೆ. ಮೊದಲ ಸಲ ನಮ್ಮಿಂದ ತಪ್ಪಾಯಿತು. ಆ ತಪ್ಪಿನಲ್ಲಿ ದೊಡ್ಡ ಪಾಲು ನನ್ನದು. ಅದನ್ನೇ ಮೊದಲು ಹೇಳಿಬಿಡುತ್ತೇನೆ, ಬೇರೆ ಬ್ಯಾಚಿನವರಿಗೆ ಉಪಯೋಗವಾದೀತು.

2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಶುರುವಾಯಿತು. ಅಂದು ಶಿಕ್ಷಕರ ದಿನ. ಅಲ್ಲಿಂದ ಒಂದೆರಡು ವರ್ಷದಲ್ಲಿ ನಮ್ಮೂರ ಕಡೆ ಎಲ್ಲರ ಕೈಯಲ್ಲೂ ವಾಟ್ಸಾಪ್ ಬಂತು. ನಮ್ಮ ಬ್ಯಾಚಿನದೂ ಒಂದು ಗ್ರೂಪ್ ಆಯಿತು. ಒಬ್ಬರ ಹತ್ತಿರ ಇನ್ನೊಬ್ಬರ ನಂಬರು, ಅವರ ಹತ್ತಿರ ಮತ್ತೊಬ್ಬರದು, ಹೀಗೆ 27 ಜನ ಆದೆವು. ಬೆಳಗಾದರೆ ಶುಭೋದಯ, ಹಬ್ಬ ಬಂದರೆ ಶುಭಾಶಯ, ಯಾರದೋ ಮಗುವಿನ ಹುಟ್ಟುಹಬ್ಬ. ಚೆನ್ನಾಗಿಯೇ ಇತ್ತು.

2019ರ ಡಿಸೆಂಬರಿನಲ್ಲಿ ಗದುಗಿನಲ್ಲಿ ಕೂಡುವುದೆಂದು ತೀರ್ಮಾನವಾಯಿತು. ಕ್ರಿಸ್‌ಮಸ್ ರಜೆ ನಮಗೆ, ಅಂದರೆ ಬೆಂಗಳೂರಿನವರಿಗೆ, ಅನುಕೂಲ. ಒಂದು ಹಾಲ್ ಹಿಡಿದೆವು. ತಲೆಗೆ 2,000 ರೂಪಾಯಿ ಎಂದು ಗ್ರೂಪಿನಲ್ಲಿ ಹಾಕಿದವನು ನಾನೇ. ಬಂದವರು 19 ಜನ, ಅದರಲ್ಲಿ ಹೆಣ್ಣುಮಕ್ಕಳು ಮೂವರು. ಶಾಲು, ಹಾರ, ಊಟ, ಫೋಟೋ ಎಲ್ಲ ಆಯಿತು. "ನಮ್ಮ ಬ್ಯಾಚು ಪೂರ್ತಿ ಕೂಡಿತು" ಎಂದು ನಾನು ಮೈಕಿನಲ್ಲಿ ಹೇಳಿದೆ.

ಹೊರಗೆ ಬಂದ ಮೇಲೆ ಒಬ್ಬ ಗೆಳೆಯ ನನ್ನನ್ನು ಬದಿಗೆ ಕರೆದ. ಲಕ್ಷ್ಮೇಶ್ವರದಲ್ಲಿ ಟಂಟಂ ಓಡಿಸುತ್ತಾನೆ. "ಲೇ, ಪೂರ್ತಿ ಅಂದ್ಯಲ್ಲ, ಎಷ್ಟ್ ಮಂದಿ ಇದ್ವಿ ನಾವು, ನೆನಪೈತೇನು?" ಎಂದ. ನನಗೆ ಹೇಳಲಾಗಲಿಲ್ಲ. "ಎರಡ್ ಸಾವಿರ ಅಂತ ಹಾಕಿದ್ ದಿನಾನ ನಾಕ್ ಮಂದಿ ಗ್ರೂಪಿನ್ಯಾಗ ಮಾತಾಡೂದ್ ಬಿಟ್ರು. ನೀ ನೋಡಿದ್ಯೇನು?" ನಾನು ನೋಡಿರಲಿಲ್ಲ. ಆಸಕ್ತಿ ಇಲ್ಲ ಎಂದುಕೊಂಡಿದ್ದೆ. ಅವನೂ ಆ ದುಡ್ಡನ್ನು ಕಡ ತಂದು ಕೊಟ್ಟಿದ್ದ ಎಂಬುದು ಆಮೇಲೆ ಗೊತ್ತಾಯಿತು.

ಮುಂದೆ ಕೊರೋನಾ ಬಂತು. ಆ ಮಾತು ಮಾತ್ರ ನನ್ನ ಹಿಂದೆಯೇ ಇತ್ತು. 2024ರ ಬೇಸಿಗೆಯಲ್ಲಿ ಊರಿಗೆ ಬಂದಾಗ ಶಾಲೆಗೆ ಬಂದು, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಕಚೇರಿಯಲ್ಲಿ ಕುಳಿತು ಹಳೆಯ ದಾಖಲಾತಿ ರಜಿಸ್ಟರ್ ಮತ್ತು ನಮ್ಮ ಎಂಟನೆಯ ತರಗತಿಯ ಹಾಜರಿ ಪುಸ್ತಕ ನೋಡಿದೆ. ಹಳೆಯ ಪುಟಗಳಲ್ಲಿ ವಿಳಾಸದ ಕೊನೆಗೆ "ಜಿ: ಧಾರವಾಡ" ಎಂದಿದೆ. ಗದಗ ಜಿಲ್ಲೆ ಆದದ್ದು 1997ರಲ್ಲಿ. ನಮ್ಮ ಪುಟದಲ್ಲಿ "ತಾ: ಶಿರಹಟ್ಟಿ, ಜಿ: ಗದಗ". ಈಗ ಲಕ್ಷ್ಮೇಶ್ವರವೇ ಬೇರೆ ತಾಲೂಕು. ನಾವು ಕುಳಿತ ಕೋಣೆ ಅಲ್ಲೇ ಇದೆ, ಅದರ ವಿಳಾಸ ಮಾತ್ರ ಎರಡು ಸಲ ಬದಲಾಗಿದೆ.

2002ರ ಜೂನ್‌ನಲ್ಲಿ ಎಂಟನೆಯ ತರಗತಿಗೆ ಸೇರಿದವರು 68 ಜನ. ಹುಡುಗರು 38, ಹುಡುಗಿಯರು 30. ನಾನು "ಪೂರ್ತಿ" ಎಂದದ್ದು 19 ಜನರನ್ನು ನೋಡಿ.

ನನ್ನ ಉದ್ಯೋಗದ ಒಂದು ಮಾತು ಹೇಳುತ್ತೇನೆ, ಮಕ್ಕಳಿಗೂ ತಿಳಿಯುತ್ತದೆ. ನಮ್ಮ ಕೆಲಸದಲ್ಲಿ ಎರಡು ಪಟ್ಟಿಗಳನ್ನು ಜೋಡಿಸುವುದು ದಿನನಿತ್ಯದ ಮಾತು. ಒಂದು ಪಟ್ಟಿಯಲ್ಲಿ ಹೆಸರು, ಇನ್ನೊಂದರಲ್ಲಿ ಫೋನ್ ನಂಬರು ಎಂದುಕೊಳ್ಳಿ. ಜೋಡಿಸುವುದಕ್ಕೆ ಹಲವು ರೀತಿ ಇವೆ. ಒಂದಕ್ಕೆ ಇನ್ನರ್ ಜಾಯಿನ್ ಎನ್ನುತ್ತಾರೆ. ಎರಡೂ ಕಡೆ ಇದ್ದವರಷ್ಟೇ ಉಳಿಯುತ್ತಾರೆ, ನಂಬರು ಇಲ್ಲದವರ ಹೆಸರು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಬಿತ್ತು ಎಂದು ಕಂಪ್ಯೂಟರ್ ಹೇಳುವುದೂ ಇಲ್ಲ. ಇನ್ನೊಂದು ಲೆಫ್ಟ್ ಜಾಯಿನ್. ಅದರಲ್ಲಿ ಎಡಗಡೆಯ ಎಲ್ಲ ಹೆಸರೂ ಉಳಿಯುತ್ತವೆ. ನಂಬರು ಇಲ್ಲದಿದ್ದರೆ ಎದುರಿಗೆ ಖಾಲಿ ಜಾಗ ಕಾಣುತ್ತದೆ. ಕಂಡ ಮೇಲೆ ತುಂಬಬೇಕು ಅನ್ನಿಸುತ್ತದೆ. ಕಚೇರಿಯಲ್ಲಿ ಹೊಸಬರಿಗೆ ಇದನ್ನು ಕಲಿಸುವವನು ನಾನು. ನನ್ನ ಗೆಳೆಯರ ವಿಷಯದಲ್ಲಿ ಮಾತ್ರ ಫೋನಿನಿಂದ ಶುರು ಮಾಡಿ, ಹೆಸರುಗಳನ್ನು ಬೀಳಿಸಿದ್ದೆ.

ಈ ಸಲ 68 ಹೆಸರು ಎಡಗಡೆ ಬರೆದೆವು. ನಾವು ಐದು ಜನ ಹಂಚಿಕೊಂಡು ಹುಡುಕಿದೆವು. ಒಬ್ಬಳು ಮುಂಡರಗಿ ತಾಲೂಕಿಗೆ ಮದುವೆಯಾಗಿ ಹೋಗಿದ್ದಳು. ಆ ಊರಿಗೆ ಹಮ್ಮಿಗಿ ಬ್ಯಾರೇಜಿನ ಹಿನ್ನೀರು ಬಂದು, ಊರೇ ಬೇರೆ ಜಾಗಕ್ಕೆ ಹೋಗಿತ್ತು. ಅವಳ ತವರಿನ ಓಣಿಯವರನ್ನು ಕೇಳಿ ಹೊಸ ಊರು ಹುಡುಕಿದೆವು. ಇನ್ನೊಬ್ಬ ಬೆಟಗೇರಿಯಲ್ಲಿ ಮಗ್ಗದ ಕೆಲಸದಲ್ಲಿದ್ದ. ಒಬ್ಬ ಶಿರಹಟ್ಟಿ ಬಸ್‌ಸ್ಟ್ಯಾಂಡ್ ಹತ್ತಿರ ಚಹಾದ ಅಂಗಡಿ ಇಟ್ಟಿದ್ದಾನೆ. ಫಕೀರೇಶ್ವರ ಮಠದ ಜಾತ್ರೆಗೆ ಬಂದಾಗಲೆಲ್ಲ ಅವನ ಅಂಗಡಿಯಲ್ಲಿ ಚಹಾ ಕುಡಿದಿದ್ದೇನೆ. ಅವನು ನನ್ನನ್ನು ಗುರುತು ಹಿಡಿದಿದ್ದನಂತೆ, ನಾನು ಹಿಡಿಯಲಿಲ್ಲ. "ನೀನ ಮಾತಾಡಸ್ತಿ ಅಂತ ಸುಮ್ನಿದ್ದೆ" ಅಂದ.

ಇನ್ನೊಬ್ಬನ ಮಾತು ಹೇಳಲೇಬೇಕು. ಅವನು ನನ್ನ ಬೆಂಚಿನವನು. ಇಬ್ಬರೂ ಪಕ್ಕದ ಹಳ್ಳಿಯಿಂದ ನಾಲ್ಕು ಕಿಲೋಮೀಟರ್ ನಡೆದು ಬರುತ್ತಿದ್ದೆವು. ಆ ವರ್ಷಗಳ ಬರ ಹಿರಿಯರಿಗೆ ನೆನಪಿದೆ. 2001ರಿಂದ ಮೂರು ವರ್ಷ ಮಳೆ ಕೈಕೊಟ್ಟಿತ್ತು. 2003ರಲ್ಲಿ, ನಾವು ಒಂಬತ್ತನೆಯ ತರಗತಿಯಲ್ಲಿದ್ದಾಗ, ಅವನ ಮನೆಯವರು ದುಡಿಯಲು ಗೋವಾಕ್ಕೆ ಹೊರಟರು. ಹೋಗುವ ಹಿಂದಿನ ದಿನ ಕಂಪಾಸ್ ಬಾಕ್ಸ್ ನನ್ನ ಕೈಗಿಟ್ಟ. "ನನಗ ಇನ್ನ ಬೇಕಾಗಂಗಿಲ್ಲ, ನೀ ಇಟ್ಕೋ" ಅಂದ. ಎಸ್ಸೆಸ್ಸೆಲ್ಸಿ ಗಣಿತದ ಪರೀಕ್ಷೆಯಲ್ಲಿ ನಾನು ಸ್ಪರ್ಶಕ ಎಳೆದದ್ದು ಆ ಕೈವಾರದಿಂದ.

ಗಣಿತದಲ್ಲಿ ಅವನು ನನಗಿಂತ ಜಾಣ. ನಮ್ಮ ಸರ್ ಇಲ್ಲೇ ಕುಳಿತಿದ್ದಾರೆ, ಅವರೂ ಹೇಳುತ್ತಾರೆ. ನಾವು ಶಾಲೆ ಬಿಟ್ಟ ಮೇಲೆ, 2006-07ರಲ್ಲಿ, ಸರ್ಕಾರ ಎಂಟನೆಯ ತರಗತಿಗೆ ಸೈಕಲ್ ಕೊಡಲು ಶುರು ಮಾಡಿತು. ಮರುವರ್ಷ ಬಿಸಿಯೂಟ ಹೈಸ್ಕೂಲಿಗೂ ಬಂತು. ನಮ್ಮ ಕಾಲಕ್ಕೆ ಎರಡೂ ಇರಲಿಲ್ಲ. ಅವನು ಹೋದ, ನಾನು ಉಳಿದೆ. ಅದಕ್ಕೆ ಕಾರಣ ಬುದ್ಧಿಯಲ್ಲ, ನಮ್ಮ ಮನೆಗೆ ಒಂದು ಬಾವಿ ಇತ್ತು, ಅಷ್ಟೇ.

ಅವನ ಸೋದರಮಾವನ ಮೂಲಕ ನಂಬರು ಸಿಕ್ಕಿತು. ವಾಸ್ಕೋ ಹತ್ತಿರದ ಜುವಾರಿನಗರದಲ್ಲಿದ್ದ, ಟೈಲ್ಸ್ ಕೂಡಿಸುವ ಕೆಲಸ. ನಾನು ಹೆಸರು ಹೇಳಿದ ಕೂಡಲೇ "ಹೇಳ್ರಿ ಸರ್" ಅಂದ. ಒಂದೇ ಬುತ್ತಿಯಲ್ಲಿ ಉಂಡವನು "ರೀ" ಅನ್ನುವುದನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ. ಕೂಡುವ ವಿಷಯ ಹೇಳಿದೆ. "ನಾ ಹೆಂಗ್ ಬರ್ಲಿ? ನೀವು 2005ರ ಬ್ಯಾಚ್ ಅಂತೀರಿ. ನಾ ಎಸ್ಸೆಸ್ಸೆಲ್ಸಿ ಕಟ್ಟಿಲ್ಲ. ಒಂಬತ್ತನೇತ್ತೆ ಅರ್ಧಕ್ಕ ಬಿಟ್ಟಾಂವ. ನಂದು ಯಾವ ಬ್ಯಾಚು?" ಎಂದ.

ಅದಕ್ಕೆ ಉತ್ತರ ನನ್ನಲ್ಲಿರಲಿಲ್ಲ, ಹಾಜರಿ ಪುಸ್ತಕದಲ್ಲಿತ್ತು. "ನಿನ್ನ ನಂಬರ್ 23, ನಂದು 24. ಎಂಟನೇತ್ತೆ ಜೂನ್ ತಿಂಗಳದಾಗ ನೀ ಒಂದ್ ದಿನಾನೂ ತಪ್ಪಿಸಿಲ್ಲ. ನಾ ಮೂರು ದಿನ ತಪ್ಪಿಸೀನಿ" ಎಂದು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಇನ್ನೂ ಇಟ್ಟಾರೇನು ಅದನ್ನ?" ಅಂದ.

ಎರಡನೆಯ ಸಲ ದಿನ ಗೊತ್ತು ಮಾಡುವಾಗ ನಾವು ಬೆಂಗಳೂರಿನವರು ಬಾಯಿ ಮುಚ್ಚಿಕೊಂಡೆವು. ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಬರುತ್ತಾರೆ. ಗೋವಾ, ಮಂಗಳೂರಿಗೆ ದುಡಿಯಲು ಹೋದವರೂ ಹಬ್ಬಕ್ಕೆ ಊರಿಗೆ ಬರಲು ನೋಡುತ್ತಾರೆ. ಹೊಲದವರು ಹೆಸರು ಬಿಡಿಸುವ ಗದ್ದಲ ಹತ್ತುವ ಮೊದಲೇ ಆಗಲಿ ಎಂದರು. ರಜೆ ಹಾಕಬೇಕಾದವರು ನಾವು ಆರೇಳು ಮಂದಿ ಮಾತ್ರ. ಹೀಗಾಗಿ 2024ರ ಪಂಚಮಿಯ ಮರುಭಾನುವಾರ, ಆಗಸ್ಟ್ 11, ಇದೇ ಶಾಲೆಯಲ್ಲಿ ಎಂದಾಯಿತು. ನಾವು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಬಂದು ನಸುಕಿನಲ್ಲಿ ಗದಗ ಜಂಕ್ಷನ್‌ನಲ್ಲಿ ಇಳಿದು, ಮೊದಲ ಬಸ್ಸು ಹಿಡಿದೆವು.

ತಲೆಗೆ ಇಷ್ಟು ಎಂಬುದನ್ನು ತೆಗೆದುಹಾಕಿದೆವು. ಬಾಗಿಲ ಹತ್ತಿರ ಒಂದು ಮುಚ್ಚಿದ ಡಬ್ಬಿ ಇಟ್ಟೆವು. ಯಾರು ಎಷ್ಟು ಹಾಕಿದರು ಎಂದು ಬರೆದುಕೊಳ್ಳಲಿಲ್ಲ. ಹೊಲದವರು ಜೋಳ, ಉಳ್ಳಾಗಡ್ಡಿ, ಬದನೆಕಾಯಿ ತಂದರು. ಹೆಣ್ಣುಮಕ್ಕಳು ಪಂಚಮಿಯ ಉಂಡಿ ಕಟ್ಟಿಕೊಂಡು ಬಂದಿದ್ದರು. ಸಂಜೆ ಖರ್ಚಿನ ಲೆಕ್ಕ ಎಲ್ಲರೆದುರು ಓದಿದೆವು. ಇದೇನು ಹೊಸ ಪದ್ಧತಿಯಲ್ಲ. ನಮ್ಮ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರಿ ಸಂಘ ಕಟ್ಟಿದ್ದರು. ಕೈಲಾದಷ್ಟು ಕೂಡಿಸಿ, ಲೆಕ್ಕ ಎಲ್ಲರಿಗೂ ತೋರಿಸುವುದು ಈ ಮಣ್ಣಿಗೆ ಗೊತ್ತಿರುವ ಮಾತು.

68ರಲ್ಲಿ 61 ಜನ ಸಿಕ್ಕರು. ಅಂದು ಬಂದವರು 46. ನಾಲ್ವರು ಇನ್ನೂ ಸಿಕ್ಕಿಲ್ಲ. ಮೂವರು ತೀರಿಕೊಂಡಿದ್ದರು. ಆ ಮೂವರಲ್ಲಿ ಇಬ್ಬರ ಸಾವು ನಮಗೆ ಗೊತ್ತೇ ಇರಲಿಲ್ಲ.

ನಿವೃತ್ತರಾದ ನಮ್ಮ ಗಣಿತದ ಸರ್ ಹಾಜರಿ ಹಾಕುತ್ತೇನೆ ಎಂದರು. ಎಲ್ಲರೂ ಬೆಂಚಿನ ಮೇಲೆ ಕುಳಿತೆವು. ಒಂದೊಂದೇ ಹೆಸರು ಕರೆದರು. ಪೊಲೀಸ್ ಇಲಾಖೆಯಲ್ಲಿರುವವನೂ ಎದ್ದು ನಿಂತು "ಎಸ್ ಸರ್" ಅಂದ, ಕೂಲಿಗೆ ಹೋಗುವವಳೂ ಎದ್ದು "ಎಸ್ ಸರ್" ಅಂದಳು. ಒಂದು ಹೆಸರಿಗೆ ಉತ್ತರ ಬರಲಿಲ್ಲ. ಅವಳು 2011ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕಿಟಕಿಯ ಹತ್ತಿರ ನಿಂತಿದ್ದ ಒಬ್ಬ ಹೆಣ್ಣುಮಗಳು "ನಾ ಅಕಿ ತಂಗಿ ಅದೀನ್ರಿ ಸರ್, ಅಕಿ ಹೆಸರು ಕರೀತೀರಿ ಅಂತ ಗೊತ್ತಾತು, ಅದಕ್ಕ ಬಂದೆ" ಎಂದಳು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮುಂದಿನ ಹೆಸರು ಕರೆದರು.

23 ಎಂದಾಗ ನನ್ನ ಪಕ್ಕದಲ್ಲಿದ್ದವನು ಎದ್ದು ನಿಂತ. ಹಿಂದಿನ ದಿನ ಗೋವಾದಿಂದ ಬಂದಿದ್ದ. ಕೂತ ಮೇಲೆ ನನ್ನ ಕಡೆ ತಿರುಗಿ, "ಲೇ, ಕಂಪಾಸ್ ಬಾಕ್ಸ್ ಎಲ್ಲಿ?" ಅಂದ. ಮನೆಯಲ್ಲಿ ನಮ್ಮವ್ವ ಅದನ್ನು ಇನ್ನೂ ಇಟ್ಟಿದ್ದಾಳೆ, ಸೂಜಿ ದಾರ ಹಾಕಲಿಕ್ಕೆ. ಆ "ಲೇ" ಕೇಳಿ ನನಗಾದ ಸಮಾಧಾನವನ್ನು ನಾನು ಯಾವ ಪ್ರಮೋಶನ್ನಿನಲ್ಲೂ ಕಂಡಿಲ್ಲ.

ಆ ದಿನ ಇಬ್ಬರು ಗೆಳತಿಯರು ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದೇ ಎಂದು ಸರ್ ಹತ್ತಿರ ವಿಚಾರಿಸಿದರು. ಕಟ್ಟಬಹುದು ಎಂದು ಸರ್ ತಿಳಿಸಿ ಹೇಳಿದರು. ಒಬ್ಬಳು ಈಗ ಓದುತ್ತಿದ್ದಾಳೆ. ನಾನು ಭಾನುವಾರ ಫೋನಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಗುಣಲಬ್ಧದಲ್ಲಿ ಇಬ್ಬರೂ ತಪ್ಪುತ್ತೇವೆ.

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನ ವಿನಂತಿ ಇಷ್ಟು. ಪ್ರತಿ ಬ್ಯಾಚಿನ ಪಟ್ಟಿಯನ್ನು ದಾಖಲಾತಿ ರಜಿಸ್ಟರಿನಿಂದ ಮಾಡೋಣ, ಪಾಸಾದವರ ಪಟ್ಟಿಯಿಂದ ಬೇಡ. ಒಂದು ದಿನ ಈ ಶಾಲೆಗೆ ಬಂದವರೂ ಇದರ ವಿದ್ಯಾರ್ಥಿಗಳೇ. ಬ್ಯಾಚಿಗೆ ಇಬ್ಬರು ಜವಾಬ್ದಾರಿ ಹೊರಲಿ. ಒಬ್ಬರು ಊರಲ್ಲೇ ಇರುವವರಾಗಲಿ, ಒಬ್ಬರು ಹೆಣ್ಣುಮಕ್ಕಳಾಗಲಿ. ನಂಬರುಗಳನ್ನು ಫೋನಿನಲ್ಲಷ್ಟೇ ಬಿಡದೆ ಒಂದು ನೋಟುಬುಕ್ಕಿನಲ್ಲಿ ಬರೆದು ಅವರ ಹತ್ತಿರ ಇಟ್ಟಿರಲಿ. ಫೋನು ಕೆಡುತ್ತದೆ, ಸಿಮ್ ಬದಲಾಗುತ್ತದೆ. ನಾವು 68 ಜನರನ್ನು ಹುಡುಕಲು ಆದದ್ದು ಯಾರೋ ಗುರುಗಳು ಪ್ರತಿದಿನ ಶಾಯಿಯಲ್ಲಿ ಹಾಜರಿ ಹಾಕಿದ್ದರಿಂದ.

ಕೊನೆಗೆ ಮಕ್ಕಳಿಗೆ ಒಂದು ಮಾತು. ನಾಳೆ ಹಾಜರಿ ಕರೆಯುವಾಗ ಕಿವಿಗೊಟ್ಟು ಕೇಳಿ. ಯಾವ ಹೆಸರಿಗೆ ಉತ್ತರ ಬರುತ್ತಿಲ್ಲ ನೋಡಿ. ಮೂರು ದಿನ ಬರದಿದ್ದರೆ ಸಂಜೆ ಅವರ ಮನೆಗೆ ಹೋಗಿ ಕೇಳಿ, ಸರ್‌ಗೆ ಬಂದು ಹೇಳಿ. ನಾನು 2003ರಲ್ಲಿ ಕಂಪಾಸ್ ಬಾಕ್ಸ್ ಇಸಿದುಕೊಂಡು ಸುಮ್ಮನೆ ಮನೆಗೆ ಹೋದೆ, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಏನಾದರೂ ಆಗುತ್ತಿತ್ತೋ ಇಲ್ಲವೋ, ಹೇಳಬೇಕಿತ್ತು. ನಿಮ್ಮ ಗೆಳೆಯರನ್ನು ಇಪ್ಪತ್ತು ವರ್ಷದ ಮೇಲೆ ಹುಡುಕುವುದಕ್ಕಿಂತ ಈ ವಾರ ಹುಡುಕುವುದು ಸುಲಭ.