ಕಟ್ಟೆಯ ಪಂಚಾಯಿತಿ, ಕಾನೂನಿನ ಪಂಚಾಯಿತಿ

(ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಲ್ಲಿ ಸ್ವಸಹಾಯ ಸಂಘದ ಮಹಿಳೆಯರ ಮುಂದೆ ಆಡಿದ ಮಾತುಗಳು)



ಸಂಘದಲ್ಲಿ ನೀವು ಉಳಿತಾಯದ ಲೆಕ್ಕ ಬರೆಯುತ್ತೀರಿ, ಸಾಲದ ಕಂತು ತಪ್ಪದಂತೆ ನೋಡಿಕೊಳ್ಳುತ್ತೀರಿ. ಆದರೆ ಸಂಘಕ್ಕೆ ಬರುವ ಹೆಣ್ಣುಮಗಳ ಬೆನ್ನ ಮೇಲಿನ ಬಾಸುಂಡೆಯ ಲೆಕ್ಕವನ್ನು ಯಾರು ಬರೆಯಬೇಕು? "ಅದು ಅವರ ಮನಿ ಮಾತು, ಹಿರಿಯರು ಕಟ್ಟಿಗೆ ಕುಂತು ಬಗಿಹರಸ್ತಾರ" ಎಂದು ನಾವೆಲ್ಲ ಸುಮ್ಮನಾಗುತ್ತೇವೆ. ಇವತ್ತು ಆ ಕಟ್ಟೆಯ ವಿಚಾರವನ್ನೇ ಮಾತಾಡೋಣ.

ಊರಿನಲ್ಲಿ ಎರಡು ಪಂಚಾಯಿತಿಗಳಿವೆ. ಒಂದು ಕಟ್ಟೆಯ ಪಂಚಾಯಿತಿ. ಅಲ್ಲಿ ಕೂಡುವವರಿಗೆ ಯಾರೂ ಓಟು ಹಾಕಿಲ್ಲ. ಪೆಟ್ಟು ತಿಂದವಳು ದೂರ ನಿಲ್ಲುತ್ತಾಳೆ, ಅವಳ ಪರವಾಗಿ ಅಪ್ಪನೋ ಅಣ್ಣನೋ ಮಾತಾಡುತ್ತಾನೆ. ಕೊನೆಗೆ "ಹೊಂದಿಕೊಂಡು ಹೋಗವಾ" ಎಂಬ ತೀರ್ಪು. ಎಷ್ಟೋ ಸಲ ಇನ್ನೊಂದು ತೊಲ ಬಂಗಾರದ ಕರಾರೂ ಅದರ ಜೊತೆಗೇ ಆಗುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆ ಕೊಡುವುದು, ತೆಗೆದುಕೊಳ್ಳುವುದು ಮಾತ್ರವಲ್ಲ, ಅದಕ್ಕೆ ಕುಮ್ಮಕ್ಕು ಕೊಡುವುದೂ ಅಪರಾಧ. ಅಂದರೆ ಇಂಥ ಕರಾರು ಮಾಡಿಸಿದ ಹಿರಿಯರೂ ಕಾನೂನಿನ ಕೈಗೆ ಸಿಗುತ್ತಾರೆ. ನೊಂದ ಹೆಣ್ಣುಮಗಳು "ನಮ್ಮವರು ಇಷ್ಟು ಕೊಟ್ಟರು" ಎಂದು ಹೇಳಿಕೆ ಕೊಟ್ಟರೆ, ಆ ಹೇಳಿಕೆಯ ಮೇಲೆ ಅವಳ ವಿರುದ್ಧ ಮೊಕದ್ದಮೆ ಹೂಡುವಂತಿಲ್ಲ.

ಇನ್ನೊಂದು ನಿಮ್ಮ ಗ್ರಾಮ ಪಂಚಾಯಿತಿ. ಇದು ಸಂವಿಧಾನದಿಂದ ಬಂದದ್ದು. ನಮ್ಮ ರಾಜ್ಯದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗ ಮಹಿಳೆಯರಿಗೆ ಶೇಕಡಾ 25 ಸ್ಥಾನಗಳಿದ್ದವು. 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು, ಇಡೀ ದೇಶದಲ್ಲಿ ಮೂರರಲ್ಲಿ ಒಂದು ಪಾಲು ಮಹಿಳೆಯರಿಗೆ ಸಿಕ್ಕಿತು. ಕರ್ನಾಟಕದಲ್ಲಿ 2010ರಲ್ಲಿ ಅದು ಅರ್ಧಕ್ಕೆ ಏರಿತು. ಅರ್ಧ ಕುರ್ಚಿಗಳು ನಮ್ಮವು. ಆ ಕುರ್ಚಿಯಲ್ಲಿ ಸದಸ್ಯೆಯ ಗಂಡ ಕುಳಿತರೆ ಅದೂ ಕಟ್ಟೆಯ ಪಂಚಾಯಿತಿಯೇ ಆಗುತ್ತದೆ.

ಗ್ರಾಮ ಪಂಚಾಯಿತಿಗೂ ಗಂಡಹೆಂಡಿರ ವ್ಯಾಜ್ಯದಲ್ಲಿ ತೀರ್ಪು ಕೊಡುವ ಅಧಿಕಾರವಿಲ್ಲ. ಹಾಗಾದರೆ ಅದರಿಂದ ನಮಗೇನು ಉಪಯೋಗ? ದೌರ್ಜನ್ಯವನ್ನು ನಾಲ್ಕು ಗೋಡೆಯಿಂದ ಹೊರಗೆ ತಂದು, ನೊಂದವಳನ್ನು ಸರಿಯಾದ ಬಾಗಿಲಿಗೆ ಮುಟ್ಟಿಸುವುದು. 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 4ನೆಯ ಕಲಂ ಪ್ರಕಾರ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಸುದ್ದಿ ಕೊಡಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಈ ಕೆಲಸ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದು. ಅಂಗನವಾಡಿಯ ಮೂಲಕ ನಿಮಗೆಲ್ಲ ಪರಿಚಯವಿರುವ ಕಚೇರಿಯೇ ಅದು.

ಹೀಗೆಂದುಕೊಳ್ಳಿ. ಮಾನ್ವಿಯ ಕಡೆ ಕೊಟ್ಟ ಮಗಳು ಗಂಡನ ಜೊತೆ ಬೆಂಗಳೂರಿಗೆ ಗುಳೆ ಹೋದಳು. ಅಲ್ಲಿ ಪೆಟ್ಟು ತಿಂದು ಜಾಲಹಳ್ಳಿಯ ತವರಿಗೆ ಬಂದಳು. ಅರ್ಜಿ ಹಾಕಲು ಅವಳು ಮಾನ್ವಿಗಾಗಲಿ ಬೆಂಗಳೂರಿಗಾಗಲಿ ಅಲೆಯಬೇಕಾಗಿಲ್ಲ. ತಾತ್ಕಾಲಿಕವಾಗಿ ವಾಸವಿರುವ ಕಡೆಯಲ್ಲೇ, ಅಂದರೆ ದೇವದುರ್ಗದ ನ್ಯಾಯಾಲಯದಲ್ಲೇ ಹಾಕಬಹುದು. ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಆಗಬೇಕು. ವಕೀಲರ ಫೀಜಿಗೆ ಸಂಘದಿಂದ ಸಾಲ ಎತ್ತಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಂ ಪ್ರಕಾರ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ.

"ಇದೆಲ್ಲ ಕಾನೂನು ಓದಿದವರಿಗೆ ಸರಿ, ನಮಗ ಹೇಳೋರು ಯಾರು" ಎಂದು ನೀವು ಕೇಳುವುದು ನ್ಯಾಯವೇ. ಬೆಂಗಳೂರಿನ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯಿದೆ. ನಮ್ಮ ವಿಧಾನಮಂಡಲದ 1986ರ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ಅದು. 1988ರಲ್ಲಿ ಅಲ್ಲಿ ಪಾಠಗಳು ಶುರುವಾದವು. ಕಾನೂನಿನ ಮೂಲಕ ಸಮಾಜದ ಸೇವೆ ಮಾಡುವ ಹೊಣೆಯನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಅದರ ಉದ್ದೇಶವೆಂದು ಆ ಕಾಯ್ದೆಯಲ್ಲೇ ಬರೆದಿದೆ. ಸ್ಥಾಪಕ ನಿರ್ದೇಶಕ ಮಾಧವ ಮೆನನ್ ಅವರು, ಬಡವರಿಗೆ ಕಾನೂನು ನೆರವು ಕೊಡುವುದೂ ಓದಿನ ಒಂದು ಭಾಗ ಎಂದು ನಂಬಿ ದುಡಿದವರು. ಆದರೆ ನಾಗರಬಾವಿಯಿಂದ ಜಾಲಹಳ್ಳಿಗೆ 400 ಕಿಲೋಮೀಟರಿಗೂ ಹೆಚ್ಚು ದಾರಿ. ಅಲ್ಲಿಂದ ಯಾರೋ ಬರುತ್ತಾರೆಂದು ಕಾಯುವುದು ಬೇಡ. ಕಾನೂನು ಕಾಲೇಜುಗಳಲ್ಲಿ ಕಾನೂನು ನೆರವಿನ ಕೇಂದ್ರಗಳನ್ನು ಬೆಳೆಸಬೇಕೆಂದು 1987ರ ಕಾಯ್ದೆಯೇ ಹೇಳುತ್ತದೆ. ರಾಯಚೂರಿನಲ್ಲೂ ಕಾನೂನು ಕಾಲೇಜಿದೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. "ನಮ್ಮ ಊರಿಗೆ ಬಂದು ಹೇಳಿರಿ" ಎಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮ ಸಭೆ ನಡೆಯಬೇಕು. ಚರಂಡಿ, ಉದ್ಯೋಗ ಖಾತ್ರಿ ಕೆಲಸಗಳ ಮಾತಿನ ಜೊತೆಗೆ ಈ ಮಾತನ್ನೂ ಅಲ್ಲಿ ಎತ್ತಿರಿ. ಸಂರಕ್ಷಣಾಧಿಕಾರಿಯ ಹೆಸರು, ಫೋನ್ ನಂಬರು, ಮಹಿಳಾ ಸಹಾಯವಾಣಿ 181 ಇವನ್ನು ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಿರಿ. ಕಾನೂನು ವಿದ್ಯಾರ್ಥಿಗಳನ್ನು ಕರೆಸಬೇಕೆಂದು ಠರಾವು ಮಾಡಿಸಿ, ಸಭೆಯ ಪುಸ್ತಕದಲ್ಲಿ ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿರಿ.

ಹೆಣ್ಣಿನ ಗೌರವಕ್ಕೆ ಕುಂದು ತರುವ ಪದ್ಧತಿಗಳನ್ನು ಬಿಡುವುದು ಪ್ರತಿಯೊಬ್ಬ ನಾಗರಿಕರ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಕಟ್ಟೆಯ ಹಿರಿಯರೂ ನಾಗರಿಕರೇ, ಅವರಿಗೂ ಅದನ್ನು ಓದಿ ಹೇಳಿರಿ. ಮುಂದಿನ ಸಲ ಯಾವ ಹೆಣ್ಣುಮಗಳನ್ನಾದರೂ ಕಟ್ಟೆಗೆ ಕರೆದರೆ, ಅವಳನ್ನು ಒಬ್ಬಳನ್ನೇ ಕಳಿಸಬೇಡಿ. ಸಂಘದ ಹತ್ತು ಮಂದಿ ಕೂಡಿ ಅವಳನ್ನು ದೇವದುರ್ಗದ ಬಸ್ಸು ಹತ್ತಿಸಿರಿ, ಇಬ್ಬರು ಅವಳ ಜೊತೆ ಹೋಗಿರಿ.