ಲಿಂಬೆ ತೋಟಕ್ಕೆ ಬರುವ ಅರಿವು

ಇಂಡಿ, ಸಿಂದಗಿ ಸೀಮೆಯ ಲಿಂಬೆ ತೋಟಗಳು ಬಹುತೇಕ ಸಣ್ಣವು. ಸ್ವಂತ ಸಂಶೋಧನೆಯ ಖರ್ಚು ಅವಕ್ಕೆ ಮೀರಿದ ಮಾತು. ತಿಳಿವಳಿಕೆ ಹೊರಗಿನಿಂದಲೇ ಬರಬೇಕು: ಪಕ್ಕದ ಹೊಲದವರಿಂದ, ವಿಜಯಪುರದ ಮಾರುಕಟ್ಟೆಯ ದಲಾಲರಿಂದ, ಕೃಷಿ ವಿಜ್ಞಾನ ಕೇಂದ್ರದಿಂದ, ಇಂಡಿಯಲ್ಲೇ ಇರುವ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯಿಂದ.

ಕಜ್ಜಿ ರೋಗವನ್ನೇ ನೋಡಬಹುದು. ಸಿಪ್ಪೆಯ ಮೇಲೆ ಒರಟಾದ ಕಂದು ಚುಕ್ಕೆ ಎದ್ದರೆ ಸಾಕು, ಒಳಗೆ ರಸ ತುಂಬಿದ್ದರೂ ಕಾಯಿಯ ದರ ಬೀಳುತ್ತದೆ. ಇದು ಬ್ಯಾಕ್ಟೀರಿಯಾದ ಕೆಲಸ, ರಂಗೋಲಿ ಹುಳು ಎಲೆಯಲ್ಲಿ ಕೊರೆದ ಗಾಯವೂ ಅದಕ್ಕೆ ಬಾಗಿಲು ಎಂಬುದು ವಿಜ್ಞಾನಿಗಳಿಂದ ತಿಳಿಯುವ ಸಂಗತಿ. ರೋಗದ ಟೊಂಗೆ ಕತ್ತರಿಸಿ ಸುಟ್ಟು, ತಾಮ್ರದ ಔಷಧ ಸಿಂಪಡಿಸಿದರೂ ಒಬ್ಬರಿಂದಲೇ ರೋಗ ತಡೆಯಲು ಆಗುವುದಿಲ್ಲ. ಬದುವಿನಾಚೆಯವರು ಸುಮ್ಮನಿದ್ದರೆ ಗಾಳಿಮಳೆಗೆ ರೋಗ ಮತ್ತೆ ಬರುತ್ತದೆ. ಅರಿವು ಹಂಚಿಕೊಳ್ಳುವುದು ಇಲ್ಲಿ ಔದಾರ್ಯವಲ್ಲ, ಲೆಕ್ಕಾಚಾರ.

ಯಾವ ಗಾತ್ರದ ಕಾಯಿ ಯಾವ ಊರಿಗೆ ಓಡುತ್ತದೆ ಎಂಬುದು ದಲಾಲರಿಗೆ ಗೊತ್ತು. ಎಲ್ಲವನ್ನೂ ಹೇಳಿದರೆ ಅವರ ವ್ಯಾಪಾರ ನಡೆಯದು! ದಲಾಲರನ್ನೇ ನೆಚ್ಚಿಕೊಳ್ಳದೆ ಬೆಳೆಗಾರರೇ ಕೂಡಿ ಉತ್ಪಾದಕ ಕಂಪನಿ ಕಟ್ಟಲು 2002ರ ಕಂಪನಿ ಕಾಯ್ದೆ ತಿದ್ದುಪಡಿ ದಾರಿ ಮಾಡಿತು.

ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಅರಿವಿನಂತೆ ಆ ಹೆಸರೂ ಯಾರೊಬ್ಬರ ಸೊತ್ತಲ್ಲ. ಬಳಸಬಯಸುವ ಬೆಳೆಗಾರರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು.