ಸಿಂಪರಣಾ ಯಂತ್ರ ಕೊಳ್ಳುವ ಮುನ್ನ

(ಅಡಿಕೆ ಬೆಳೆಗಾರರು ಹಾಗೂ ವಿದ್ಯಾರ್ಥಿಗಳ ಮಳೆಗಾಲಪೂರ್ವ ಸಭೆಯಲ್ಲಿ ನೀಡಿದ ಉಪನ್ಯಾಸ)



ಒಂದು ಮಳೆಗಾಲದಲ್ಲಿ ಕೊಳೆರೋಗ ಹೆಚ್ಚಾಯಿತೆಂದರೆ, ಮುಂದಿನ ಬೇಸಿಗೆಗೆ ಮನೆಮನೆಯಲ್ಲಿ ಹೊಸ ಸಿಂಪರಣಾ ಯಂತ್ರದ ಮಾತು ಏಳುತ್ತದೆ. ಸಾಲ ಮಾಡಿ ಹತ್ತಾರು ಸಾವಿರ ರೂಪಾಯಿಯ ಯಂತ್ರ ತಂದ ತೋಟದಲ್ಲಿಯೂ ಕಾಯಿ ಉದುರುವುದುಂಟು. ಯಂತ್ರವು ದ್ರಾವಣವನ್ನು ಅಡಿಕೆ ಕೊನೆಗೆ ಮುಟ್ಟಿಸಬಲ್ಲದೇ ಹೊರತು, ಕೆಟ್ಟ ದ್ರಾವಣವನ್ನು ಸರಿಪಡಿಸಲಾರದು.

ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ರೂಪುಗೊಂಡಿತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಅಡಿಕೆ ತೋಟಗಳಿಗೆ ಪರಿಚಯಿಸಿದರು. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಲೆಕ್ಕ ಇಷ್ಟೇ. ಆದರೆ ಸುಟ್ಟ ಸುಣ್ಣವನ್ನು ತೆರೆದಿಟ್ಟರೆ ಅದು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಸತ್ವ ಕಳೆದುಕೊಳ್ಳುತ್ತದೆ. ಕಳೆದ ವರ್ಷ ಉಳಿದ ಸುಣ್ಣವನ್ನು ಅದೇ ತೂಕದಲ್ಲಿ ಹಾಕಿದರೆ ದ್ರಾವಣ ಆಮ್ಲೀಯವಾಗಿಯೇ ಉಳಿಯುತ್ತದೆ. ಆಗ ತಾಮ್ರದ ಒಂದಂಶ ಕಾಯಿಗೆ ಅಂಟದೆ ಮಳೆಗೆ ತೊಳೆದುಹೋಗುತ್ತದೆ. ಎಳೆ ಭಾಗಗಳು ಸುಡುವುದೂ ಉಂಟು.

ಇದನ್ನು ಪರೀಕ್ಷಿಸಲು ಖರ್ಚಿಲ್ಲ. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿರಿ. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ತಿಳಿಸುಣ್ಣ ಸೇರಿಸಿ, ಚಾಕು ಉಜ್ಜಿ, ಕೆಂಪು ಹತ್ತದಿರುವ ತನಕ ಮತ್ತೆ ನೋಡಿರಿ. ತುಕ್ಕು ಹಿಡಿಯದ ಸ್ಟೀಲ್ ಚಾಕು ಇದಕ್ಕೆ ಒದಗದು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು ಕಲಕಬೇಕು, ಪಾತ್ರೆ ಕಬ್ಬಿಣದ್ದಾಗಬಾರದು, ಬೆರೆಸಿದ ದಿನವೇ ಸಿಂಪಡಿಸಿ ಮುಗಿಸಬೇಕು.

ಎರಡನೆಯದಾಗಿ ನಾಜಲ್. ಒಂದು ನಿಮಿಷದಲ್ಲಿ ಅದರಿಂದ ಬೀಳುವ ನೀರನ್ನು ಅಳೆಯಿರಿ. ಅದೇ ಒತ್ತಡದಲ್ಲಿ ಹೊಸ ನಾಜಲ್ ಕೊಡುವುದಕ್ಕಿಂತ ಶೇಕಡಾ 10ಕ್ಕೂ ಹೆಚ್ಚು ಬಿದ್ದರೆ ರಂಧ್ರ ಸವೆದಿದೆ ಎಂದರ್ಥ. ಬದಲಾಯಿಸಬೇಕಾದದ್ದು ಆ ಸಣ್ಣ ಬಿಲ್ಲೆಯನ್ನು, ಇಡೀ ಯಂತ್ರವನ್ನಲ್ಲ.

ಮೂರನೆಯದು ತೋಟ. ಬಸಿಗಾಲುವೆ ತುಂಬಿದೆಯೇ? ಉದುರಿದ ರೋಗದ ಕಾಯಿ ಮರದಡಿಯಲ್ಲೇ ಬಿದ್ದಿದೆಯೇ? ರೋಗಾಣು ಹರಡುವುದೇ ತೇವದಲ್ಲಿ ಮತ್ತು ಚಿಮ್ಮುವ ಮಳೆಹನಿಯಲ್ಲಿ. ಮೊದಲ ಸಿಂಪರಣೆ ಮುಂಗಾರು ಹಿಡಿಯುವ ಮುನ್ನ ಮುಗಿಯಿತೇ, 40-45 ದಿನಕ್ಕೆ ಎರಡನೆಯದಾಯಿತೇ ಎಂಬುದನ್ನೂ ಕೇಳಿಕೊಳ್ಳಬೇಕು.

ಯಂತ್ರವೇ ಬೇಡವೆಂದು ನಾನು ಹೇಳುತ್ತಿಲ್ಲ. ಕೊನೆಗಾರರು ಸಿಗದ ಊರಿನಲ್ಲಿ ನೆಲದಿಂದಲೇ ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ ಉಪಕಾರಿ. ಮರದಿಂದ ಬೀಳುವ ಅಪಾಯವನ್ನೂ ತಪ್ಪಿಸುತ್ತದೆ. ಆದರೆ ಅದು ಕೆಲಸದಾಳಿನ ಕೊರತೆಗೆ ಪರಿಹಾರ, ಸತ್ತ ಸುಣ್ಣಕ್ಕಲ್ಲ.

ಫಲಿಸದ ಸಿಂಪರಣೆಯ ಮೇಲೆ ಮತ್ತೊಂದು ಸಿಂಪರಣೆ ಮಾಡಿದಾಗ ಹಣ ಮಾತ್ರ ಪೋಲಾಗುವುದಿಲ್ಲ. ತಾಮ್ರ ಕೊಳೆತು ಮಾಯವಾಗುವ ವಸ್ತುವಲ್ಲ. ಅದು ಮಣ್ಣಿನಲ್ಲಿ ಸಂಚಯವಾಗುತ್ತದೆ, ಮಳೆನೀರಿನೊಡನೆ ಹಳ್ಳಕ್ಕೂ ಇಳಿಯುತ್ತದೆ. ಆ ಹಳ್ಳ ನಮ್ಮೆಲ್ಲರದು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ವರ್ಷ ನಿಮ್ಮ ಕೇರಿಯಲ್ಲಿ ಮದ್ದು ಬೆರೆಸುವ ದಿನ ಚಾಕು ಮತ್ತು ಅಳತೆಪಾತ್ರೆ ಹಿಡಿದು ಪ್ರತಿ ತೋಟಕ್ಕೂ ಹೋಗಿರಿ, ಕಂಡದ್ದನ್ನು ಬರೆದಿಡಿರಿ. ಆ ಪಟ್ಟಿ ನೋಡಿದ ಬಳಿಕವೂ ಯಂತ್ರ ಬೇಕೆನಿಸಿದರೆ, ಧಾರಾಳವಾಗಿ ಕೊಳ್ಳೋಣ.